ಬಾಳೆಹಣ್ಣಿನ ಸೀನಿನ ಷರ್ಟು

ಬಳೇಪೇಟೆಯಲ್ಲಿ ತಬಲಾ, ಹಾರ್ಮೋನಿಯಂ ಅಂಗಡಿಗಳ ಸಾಲು ಮುಗಿಯುವ ಕಡೆ ಒಂದು ಕಡಿದಾದ ಮೆಟ್ಟಿಲಿದೆ. ತಲೆ ಬಗ್ಗಿಸದೆ ಹತ್ತಿದರೆ ಹಣೆ ಊದಿಸಿಕೊಂಡು ಬರಬೇಕು. ಮೂವತ್ತೊಂದು ವರ್ಷ ನಾನು ಅದನ್ನು ಹತ್ತಿ ಇಳಿದಿದ್ದೇನೆ. ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಕನ್ನಡ ಪಾಠ ಹೇಳಿಕೊಂಡಿದ್ದವಳಿಗೆ ವಾರ್ಷಿಕೋತ್ಸವದ ನಾಟಕವೂ ಗಂಟುಬಿದ್ದಿತ್ತು. ನಾಟಕ ಎಂದರೆ ಡ್ರೆಸ್ಸು, ಡ್ರೆಸ್ಸು ಎಂದರೆ ಆ ಮೆಟ್ಟಿಲ ಮೇಲಿನ ಶ್ರೀನಿವಾಸಯ್ಯನವರ ಅಂಗಡಿ. ರಾಜನಿಗೆ ಕಿರೀಟ, ಋಷಿಗೆ ಗಡ್ಡ, ಪೊಲೀಸಿಗೆ ಖಾಕಿ, ಎಲ್ಲವೂ ಅಲ್ಲಿ ಬಾಡಿಗೆಗೆ ಸಿಗುತ್ತಿತ್ತು. ನಾನು ನಿವೃತ್ತಳಾಗಿ ಮೂರು ವರ್ಷವಾದರೂ ಶಾಲೆಯವರು ಡಿಸೆಂಬರ್ ಬಂದರೆ ನನಗೇ ಫೋನ್ ಮಾಡುತ್ತಾರೆ. ಬೈದುಕೊಂಡೇ ಹೋಗುತ್ತೇನೆ.

ಶ್ರೀನಿವಾಸಯ್ಯನವರಿಗೆ ಈಗ ಎಪ್ಪತ್ನಾಲ್ಕು. ಅಂಗಡಿ ಸಾಲಿನವರಿಗೆಲ್ಲ ಅವರು ಶೀನಣ್ಣ. ಅವರಪ್ಪ ನಾಟಕದ ಕಂಪನಿಗಳಿಗೆ ಬಟ್ಟೆ ಹೊಲಿಯುತ್ತಿದ್ದವರು; ಮಗ ಅದನ್ನೇ ಸಿನಿಮಾಕ್ಕೆ ತಿರುಗಿಸಿಕೊಂಡರು. ಎಪ್ಪತ್ತು, ಎಂಬತ್ತರ ದಶಕದಲ್ಲಿ ನಮ್ಮೂರಿನಲ್ಲಿ ಪೊಲೀಸ್ ಸಿನಿಮಾ ಶೂಟಿಂಗ್ ಎಂದರೆ ಟ್ರಂಕುಗಟ್ಟಲೆ ಖಾಕಿ ಹೊತ್ತುಕೊಂಡು ಮೊದಲು ಹೋಗಿ ಕೊನೆಗೆ ಬರುತ್ತಿದ್ದವರು ಇವರು. ಒಂದು ಸಿನಿಮಾದಲ್ಲಿ ಗುಂಡು ತಿಂದು ಸತ್ತ ಪೇದೆಯ ಷರ್ಟನ್ನು ಒಗೆದು, ರಂಧ್ರ ಹೊಲಿದು, ಮುಂದಿನ ಸಿನಿಮಾದಲ್ಲಿ ಪೊಲೀಸನಾಗಿದ್ದ ಮದುವೆ ಗಂಡಿಗೆ ತೊಡಿಸಿದ್ದನ್ನು ನಗುನಗುತ್ತ ಹೇಳುತ್ತಿದ್ದರು. ಅವರಿಗೆ ಸಿನಿಮಾದ ಕಥೆ ನೆನಪಿರುವುದಿಲ್ಲ. ಯಾವ ದೃಶ್ಯದಲ್ಲಿ ಇನ್ಸ್‌ಪೆಕ್ಟರನ ಎಷ್ಟನೆಯ ಗುಂಡಿ ಬಿಚ್ಚಿತ್ತು ಎಂಬುದು ಮಾತ್ರ ಇವತ್ತಿಗೂ ಬಾಯಿಪಾಠ.

ಅದು ಅವರ ವೃತ್ತಿಯ ಪಾಠ. ಒಂದೇ ದೃಶ್ಯವನ್ನು ಎರಡು ದಿನ, ಮೂರು ದಿನ ತೆಗೆಯುತ್ತಾರೆ. ಮೊದಲ ದಿನ ಮಡಿಚಿದ್ದ ತೋಳು ಎರಡನೆಯ ದಿನ ಇಳಿದಿದ್ದರೆ ಪರದೆಯ ಮೇಲೆ ಒಂದೇ ಕ್ಷಣದಲ್ಲಿ ತೋಳು ಇಳಿದುಬಿಡುತ್ತದೆ, ಜನ ನಗುತ್ತಾರೆ. ಇದಕ್ಕೆ ಅವರು ‘ಕಂಟಿನ್ಯೂಟಿ’ ಎನ್ನುತ್ತಾರೆ. ಅದಕ್ಕಾಗಿ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದರು. ಟೋಪಿ ಎಷ್ಟು ವಾಲಿತ್ತು, ಬೆಲ್ಟಿನ ತುದಿ ಎಲ್ಲಿಗೆ ಬಂದಿತ್ತು, ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು.

ಇಂಥ ಮನುಷ್ಯನ ಒಂದು ವಿಚಿತ್ರ ಹಟ ನನ್ನನ್ನು ವರ್ಷಾನುಗಟ್ಟಲೆ ರೇಗಿಸಿತ್ತು. ಪೊಲೀಸ್ ಡ್ರೆಸ್ ಕೊಡುತ್ತಿದ್ದರು, ಟೋಪಿ, ಲಾಠಿ, ಸೀಟಿ ಕೊಡುತ್ತಿದ್ದರು. ಎದೆಗೆ ಚುಚ್ಚುವ ಹೆಸರಿನ ಪಟ್ಟಿ ಮಾತ್ರ ಕೊಡುತ್ತಿರಲಿಲ್ಲ.

“ನೇಮ್ ಪ್ಲೇಟ್ ಇಲ್ದೆ ಎಂಥಾ ಇನ್ಸ್‌ಪೆಕ್ಟ್ರು ಶೀನಣ್ಣ? ಸೆಕ್ಯೂರಿಟಿ ಗಾರ್ಡ್ ಥರ ಕಾಣ್ತಾನೆ ನಮ್ಮ ಹುಡುಗ,” ಎಂದರೆ, “ಹಂಗೇ ಕಾಣ್ಲಿ ಬಿಡಿ ಮಿಸ್,” ಎಂದು ಬೇರೆ ಮಾತು ಎತ್ತುತ್ತಿದ್ದರು. ಹಿಂದೆ ಅವರ ಬಳಿ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಪಟ್ಟಿಗಳಿದ್ದವಂತೆ. ಅವೆನ್ಯೂ ರಸ್ತೆಯಲ್ಲಿ ಬರೆಸಿ ತರುತ್ತಿದ್ದದ್ದು. ಅದಕ್ಕೂ ಅವರಪ್ಪನದೊಂದು ಕಟ್ಟಳೆ: ಸಿನಿಮಾ ಪೊಲೀಸಿನ ಹೆಸರಿಗೆ ಇನಿಷಿಯಲ್ ಇರಕೂಡದು. ಇನಿಷಿಯಲ್ ಬಂದರೆ ಅದು ಯಾರೋ ಒಬ್ಬರ ಮನೆಯ ಹೆಸರಾಗಿಬಿಡುತ್ತದೆ. ಆ ಡಬ್ಬಿ ಏನಾಯಿತು ಎಂದು ಕೇಳಿದರೆ ಗಡ್ಡಗಳ ಸಿಕ್ಕು ಬಿಡಿಸಲು ಕೂರುತ್ತಿದ್ದರು.

ಉತ್ತರ ಸಿಕ್ಕಿದ್ದು ಹೋದ ಡಿಸೆಂಬರಿನಲ್ಲಿ.

ನಾನು ಗಡ್ಡ ಆರಿಸುತ್ತಿದ್ದಾಗ ಅನಿಲ್ ಕುಮಾರ್ ಎಂಬ ಯುವಕ ಮೆಟ್ಟಿಲು ಹತ್ತಿ ಬಂದ. ತಲೆ ಬಗ್ಗಿಸಿರಲಿಲ್ಲ, ಹಣೆ ಉಜ್ಜಿಕೊಳ್ಳುತ್ತಲೇ ನಮಸ್ಕಾರ ಮಾಡಿದ. ಹಳೆಯ ಸಿನಿಮಾಗಳ ರೀಲುಗಳನ್ನು ತೊಳೆದು, ಗೀರು ತೆಗೆದು, ಕಂಪ್ಯೂಟರಿನಲ್ಲಿ ಹೊಸದು ಮಾಡುವುದು ಅವನ ಕೆಲಸ. ಎಂಬತ್ನಾಲ್ಕರ ಒಂದು ಪೊಲೀಸ್ ಸಿನಿಮಾವನ್ನು ಹೊಸದು ಮಾಡಿ ಮತ್ತೆ ಥಿಯೇಟರಿಗೆ ಬಿಡುತ್ತಿದ್ದೇವೆ, ಅದಕ್ಕೆ ಬಟ್ಟೆ ಒದಗಿಸಿದ್ದು ನೀವೇ ಅಲ್ಲವೇ, ನೆನಪುಗಳನ್ನು ಹೇಳಿ ಎಂದ.

ಆ ಸಿನಿಮಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಆ ಕಾಲದಲ್ಲಿ ಹತ್ತು ವರ್ಷ ದಾಟಿದ್ದ ಯಾರಿಗೂ ಅದರ ‘ಬಾಳೆಹಣ್ಣಿನ ಸೀನು’ ಮರೆತಿರಲಾರದು. ಹಣ್ಣು ಮಾರುವ ಮುದುಕಿ ಕಾಣೆಯಾದ ಮಗನಿಗಾಗಿ ದೂರು ಕೊಡಲು ಠಾಣೆಗೆ ಬರುತ್ತಾಳೆ. ಇನ್ಸ್‌ಪೆಕ್ಟರು ತಲೆ ಎತ್ತುವುದಿಲ್ಲ. ಅವಳ ಬುಟ್ಟಿಯಿಂದ ಒಂದು ಬಾಳೆಹಣ್ಣು ತೆಗೆದು, ನಿಧಾನವಾಗಿ ಸುಲಿದು ತಿಂದು, ಅವಳ ದೂರಿನ ಕಾಗದಕ್ಕೇ ಕೈ ಒರೆಸಿಕೊಳ್ಳುತ್ತಾನೆ. ಕ್ಯಾಮೆರಾ ಆ ಕೈಯಿಂದ ಮೆಲ್ಲಗೆ ಮೇಲೇರಿ, ಎದೆಯ ಹೆಸರಿನ ಪಟ್ಟಿಯ ಮೇಲೆ ಒಂದು ಕ್ಷಣ ನಿಲ್ಲುತ್ತದೆ; ಮುಂದಿನ ಶಾಟಿನಲ್ಲಿ ಅವನ ಮುಖ. ಒಂದು ಮಾತಿಲ್ಲ. ನಾನು ಆಗ ಕಾಲೇಜಿನಲ್ಲಿದ್ದೆ. ಥಿಯೇಟರಿನಲ್ಲಿ ಜನ ಪರದೆಗೆ ಚಪ್ಪಲಿ ಎಸೆದದ್ದನ್ನು ಕಣ್ಣಾರೆ ಕಂಡಿದ್ದೇನೆ.

“ಈಗಿರೋದು ಹಳೇ ಟೇಪಿಂದ ತೆಗೆದ ಕಾಪಿ, ಪೂರ್ತಿ ಮಸಕು,” ಅನಿಲ್ ಕುಮಾರ್ ಉತ್ಸಾಹದಿಂದ ಹೇಳಿದ. “ನೇಮ್ ಪ್ಲೇಟ್ ಕಾಣುತ್ತೆ, ಅಕ್ಷರ ಓದೋಕಾಗಲ್ಲ. ನಮ್ಮ ಪ್ರಿಂಟಲ್ಲಿ ನೋಡಿ ಸರ್, ಒಂದೊಂದು ಅಕ್ಷರಾನೂ ಫಳಫಳ ಅನ್ನುತ್ತೆ.”

ಶ್ರೀನಿವಾಸಯ್ಯನವರು ಕೈಯಲ್ಲಿದ್ದ ಕಿರೀಟವನ್ನು ಕೆಳಗಿಟ್ಟರು. ಇನ್ನೊಂದು ದಿನ ಬನ್ನಿ ಎಂದು ಅವನನ್ನು ಕಳಿಸಿದರು. ಅವನು ಇಳಿದುಹೋದ ಮೇಲೆ ನನ್ನನ್ನು ಕೂರಿಸಿಕೊಂಡು ನಲವತ್ತು ವರ್ಷ ಬಾಯಿಬಿಡದ ಕಥೆ ಹೇಳಿದರು.

ಆ ಪಟ್ಟಿಯ ಮೇಲಿದ್ದ ಹೆಸರು ಎಂ. ವರದರಾಜ. ಇನಿಷಿಯಲ್ ಸಮೇತ. ಅದು ಸಿನಿಮಾದ ಹೆಸರಲ್ಲ, ಅವರ ಬಾಲ್ಯದ ಗೆಳೆಯನ ಹೆಸರು. ಇಬ್ಬರೂ ಒಂದೇ ವಠಾರದಲ್ಲಿ ಬೆಳೆದವರು, ಒಂದೇ ನಲ್ಲಿಯಲ್ಲಿ ನೀರು ಹಿಡಿದವರು. ತನ್ನ ಜನರಲ್ಲಿ, ಆ ಬೀದಿಯಲ್ಲಿ, ಸಬ್ ಇನ್ಸ್‌ಪೆಕ್ಟರ್ ಆದ ಮೊದಲಿಗ ವರದರಾಜ. ಆರ್ಡರ್ ಬಂದ ದಿನ ಬೀದಿಗೆಲ್ಲ ಮೈಸೂರುಪಾಕು ಹಂಚಿದ್ದು ಶ್ರೀನಿವಾಸಯ್ಯನವರೇ. ತಾಯಿ ಮಾರಕ್ಕನಿಗೆ ಓದು ಬರಹ ಬಾರದು. ಆದರೂ ಮಗನ ಯೂನಿಫಾರಂ ಇಸ್ತ್ರಿಯಾಗಿ ಬಂದ ಕೂಡಲೇ ಹೆಸರಿನ ಪಟ್ಟಿಯನ್ನು ಸೆರಗಿನಲ್ಲಿ ಒರೆಸಿ ತಾನೇ ಎದೆಗೆ ಚುಚ್ಚಿಡುತ್ತಿದ್ದಳು. ಅಕ್ಷರ ಗೊತ್ತಿಲ್ಲದ ಕೈಗೆ ಸಾಲು ಗೊತ್ತಾಗುತ್ತಿರಲಿಲ್ಲ. ಪ್ರತಿ ಸಲವೂ ಪಟ್ಟಿ ಎಡಕ್ಕೆ ಒಂಚೂರು ಸೊಟ್ಟ. ಠಾಣೆಗೆ ಹೋಗುವ ದಾರಿಯಲ್ಲಿ ವರದರಾಜ ನೆಟ್ಟಗೆ ಮಾಡಿಕೊಳ್ಳುತ್ತಿದ್ದ, ಅಮ್ಮನಿಗೆ ಹೇಳಿರಲಿಲ್ಲ.

ಬಸವನಗುಡಿಯ ಹಳೆಯ ಬಂಗಲೆಯೊಂದರಲ್ಲಿ ಠಾಣೆಯ ಸೆಟ್ ಹಾಕಿದ್ದರು. ಇನ್ಸ್‌ಪೆಕ್ಟರ್ ಪಾತ್ರದವನು ಆರಡಿ ಆಳು. ಅಂಗಡಿಯ ಖಾಕಿ ಅವನಿಗೆ ಮೊಣಕೈವರೆಗೂ ಬರಲಿಲ್ಲ. ನಿರ್ದೇಶಕರು ಸಿಡುಕಿದರು. ಮಧ್ಯಾಹ್ನದೊಳಗೆ ಅಸಲಿ ಪೊಲೀಸಿನ ಹಾಗೆ ಕಾಣುವ ಬಟ್ಟೆ ಬೇಕು ಎಂದರು. ಆರಡಿಯ ಪೊಲೀಸ್ ಎಂದರೆ ಶ್ರೀನಿವಾಸಯ್ಯನವರಿಗೆ ಗೊತ್ತಿದ್ದದ್ದು ಒಬ್ಬನೇ. ಸ್ಕೂಟರಿನಲ್ಲಿ ವೈಯಾಲಿಕಾವಲ್‌ನ ಅವನ ಮನೆಗೆ ಹಾರಿದರು. ವರದರಾಜ ಬಂದೋಬಸ್ತಿಗೆಂದು ಪರಸ್ಥಳಕ್ಕೆ ಹೋಗಿದ್ದ. ಮಾರಕ್ಕ ಬಾಗಿಲು ತೆಗೆದಳು.

“ವರದನ ಒಂದು ಜೊತೆ ಡ್ರೆಸ್ ಕೊಡಮ್ಮ, ಸಂಜೆಗೆ ತಂದ್ಕೊಡ್ತೀನಿ,” ಎಂದರು.

“ತಗೊಂಡ್ಹೋಗಪ್ಪ, ನೀನೇನು ಬೇರೆಯವನಾ?” ಎಂದು ಅವಳು ಮಡಿಚಿಟ್ಟದ್ದನ್ನೇ ತಂದುಕೊಟ್ಟಳು. ಪಟ್ಟಿ ಚುಚ್ಚಿಯೇ ಇತ್ತು.

ಅವಸರದಲ್ಲಿ ತೊಡಿಸಿದರು, ಶಾಟ್ ಆಯಿತು. ಕೈ ಒರೆಸುವುದು, ಎದೆ, ಪಟ್ಟಿ. ಬೆಳಕು ಹೋಯಿತು, ಮುಖ ನಾಳೆಗೆ ಎಂದರು. ಷರ್ಟು ಬಿಚ್ಚಿಸುವಾಗಲೇ ಅವರ ಕಣ್ಣಿಗೆ ಹೆಸರು ಬಿದ್ದದ್ದು. ಹೋಗಿ ನಿರ್ದೇಶಕರಿಗೆ ಹೇಳಿದ್ದರೆ ಬೈದುಕೊಂಡು ಇನ್ನೊಮ್ಮೆ ತೆಗೆಯುತ್ತಿದ್ದರು. ಇವರು ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ‘ನೇಮ್ ಪ್ಲೇಟ್ ಇದೆ, ಎಡಕ್ಕೆ ಸೊಟ್ಟ’ ಎಂದು ಬರೆದರು. ಕೊಟ್ಟ ಮಾತಿನಂತೆ ಸಂಜೆ ಬಟ್ಟೆ ಹಿಂತಿರುಗಿಸಿದರು. ಮರುದಿನ ಬೆಳಿಗ್ಗೆ ಮತ್ತೆ ಹೋಗಿ, ಅದೇ ಷರ್ಟು, ಅದೇ ಪಟ್ಟಿ ಬೇಕಮ್ಮ ಎಂದು ಕೇಳಿದರು. ಮಾರಕ್ಕ ಪಟ್ಟಿಯನ್ನು ಒರೆಸಿ ಮತ್ತೆ ಚುಚ್ಚಿಕೊಟ್ಟಳು, ಎಡಕ್ಕೆ ಸೊಟ್ಟ. ಕಂಟಿನ್ಯೂಟಿಗೆ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ.

“ಮೊದಲ್ನೇ ದಿನದ್ದು ಮರೆವು ಮಿಸ್,” ಶ್ರೀನಿವಾಸಯ್ಯನವರು ನನ್ನ ಮುಖ ನೋಡದೆ ಹೇಳಿದರು. “ಎರಡ್ನೇ ದಿನದ್ದು ಮರೆವಲ್ಲ. ಗೊತ್ತಿದ್ದೂ ನನ್ನ ಕೈಯಾರೆ ಅವನಿಗೆ ಹಾಕ್ದೆ. ಸೀನ್ ಕೆಡಬಾರದು ಅನ್ನೋದು ಬಿಟ್ಟು ಬೇರೇನೂ ತಲೇಲಿರ್ಲಿಲ್ಲ.”

ಸಿನಿಮಾ ನೂರು ದಿನ ಓಡಿತು. ವರದರಾಜ ಗಸ್ತಿಗೆ ಹೋದರೆ ಹಿಂದಿನಿಂದ ಯಾರೋ ‘ಬಾಳೆಹಣ್ಣು’ ಎನ್ನುವರು. ಬೈಕಿನ ಸೀಟಿನ ಮೇಲೆ ಸಿಪ್ಪೆ ಇಟ್ಟು ಹೋಗುವರು. ಈ ಕೆಲಸ ಅವನಿಗೆ ಹೇಗೆ ಸಿಕ್ಕಿತು ಎಂದು ಮೊದಲೇ ಆಡಿಕೊಳ್ಳುತ್ತಿದ್ದವರ ಬಾಯಿಗೆ ಇನ್ನೊಂದು ಸಿಕ್ಕಿದಂತಾಯಿತು. ಕೊನೆಗೆ ಮೇಲಿನಿಂದ ವಿಚಾರಣೆ ಬಂತು, ಸರ್ಕಾರಿ ಸಮವಸ್ತ್ರ ಸಿನಿಮಾಕ್ಕೆ ಹೋದದ್ದು ಹೇಗೆ ಎಂದು. ನಿಜ ಹೇಳಿದರೆ ಅಮ್ಮನನ್ನು ಕರೆಸಿ ಕೇಳುತ್ತಾರೆ. ವರದರಾಜ ‘ನಾನೇ ಕೊಟ್ಟೆ’ ಎಂದು ಬರೆದುಕೊಟ್ಟ. ಮುಂದಿನ ಬಡ್ತಿ ಅಲ್ಲಿಗೆ ನಿಂತಿತು. ದೂರದೂರಿಗೆ ವರ್ಗ ಮಾಡಿದರು. ಸಬ್ ಇನ್ಸ್‌ಪೆಕ್ಟರಾಗಿಯೇ ನಿವೃತ್ತನಾದ.

ವಿಚಾರಣೆ ನಡೆದ ದಿನ ಶ್ರೀನಿವಾಸಯ್ಯನವರು ಒಳ್ಳೆಯ ಷರ್ಟು ಹಾಕಿಕೊಂಡು ಕಚೇರಿಯ ಗೇಟಿನವರೆಗೆ ಹೋಗಿದ್ದರು. ಅವನನ್ನು ಕೇಳದೆ ತಂದದ್ದು ನಾನು ಎಂದು ಹೇಳುವುದಿತ್ತು. ಹೇಳಿದರೆ ತನ್ನ ಮೇಲೆ ಕೇಸಾಗುತ್ತದೋ, ಸಿನಿಮಾದವರು ಇನ್ನು ಕರೆಯುವುದಿಲ್ಲವೋ ಎಂದು ಎದುರಿನ ಹೋಟೆಲಿನಲ್ಲಿ ಎರಡು ಕಾಫಿ ಕುಡಿದು ಬಳೇಪೇಟೆಗೆ ವಾಪಸು ಬಂದರು. ಆ ವಾರವೇ ಬಿಸ್ಕತ್ತಿನ ಡಬ್ಬಿಯನ್ನು ಪಟ್ಟಿಗಳ ಸಮೇತ ಗುಜರಿಗೆ ಹಾಕಿದರು.

ವರದರಾಜ ಜಗಳವಾಡಲಿಲ್ಲ. ವರ್ಗವಾಗಿ ಹೋಗುವ ಮುಂಚೆ ಒಂದು ಸಲ ಅಂಗಡಿಯ ಮೆಟ್ಟಿಲವರೆಗೆ ಬಂದು ಕೆಳಗಿನಿಂದಲೇ ಹೇಳಿದನಂತೆ: “ಕೇಳಿದ್ರೆ ಕೊಡ್ತಿದ್ದೆ ಕಣೋ ಶೀನ. ಪ್ಲೇಟ್ ಬಿಚ್ಚಿ ಕೊಡ್ತಿದ್ದೆ.”

ಆಮೇಲೆ ಮಾತಿಲ್ಲ. ಹದಿನೈದು ವರ್ಷದ ಹಿಂದೆ ಮಾರಕ್ಕ ತೀರಿಕೊಂಡಾಗ ಇವರು ವೈಯಾಲಿಕಾವಲ್‌ಗೆ ಹೋಗಿ, ಮನೆಯ ಎದುರಿನ ಬೀಡಾ ಅಂಗಡಿಯ ಹತ್ತಿರ ನಿಂತು ಹಿಂತಿರುಗಿದರು.

ಕೇಳಿ ನನಗೆ ಸಿಟ್ಟೇ ಬಂತು. “ಎರಡು ಕಾಫಿ ಕುಡಿಯೋ ಬದ್ಲು ಹತ್ತು ಹೆಜ್ಜೆ ಹಾಕಿದ್ರೆ ಆಗ್ತಿತ್ತಲ್ಲ ಶೀನಣ್ಣ,” ಎಂದುಬಿಟ್ಟೆ. ಅವರು ಹೂಂಗುಟ್ಟಿದರು. ಆ ಮುಖ ನೋಡಿ ನನ್ನ ಹುಚ್ಚು ತಲೆ ಓಡಿತು. ಆ ಅನಿಲ್ ಕುಮಾರ್ ಗೀರು ಅಳಿಸುವವನಲ್ಲವೇ? ಒಂದು ಹೆಸರು ಅಳಿಸಲಾರನೇ? ಮಸಕಿನಲ್ಲಿ ನಲವತ್ತು ವರ್ಷ ಅಡಗಿದ್ದ ಹೆಸರು ಮತ್ತೆ ಫಳಫಳ ಎಂದು ಬರುವುದಕ್ಕೆ ಮುಂಚೆಯೇ ತೆಗೆಸಿಬಿಟ್ಟರೆ ಆ ಮನುಷ್ಯನ ಮುಪ್ಪಾದರೂ ನೆಮ್ಮದಿಯಾಗಿರುತ್ತದೆ. ಹೀಗೆಂದು ಹೇಳಿದವಳು ನಾನು. ಪತ್ರ ಬರೆದುಕೊಟ್ಟವಳೂ ನಾನೇ. ಅಚ್ಚುಕಟ್ಟಾದ ಪತ್ರ, ಇವತ್ತಿಗೂ ಅದರಲ್ಲಿ ಒಂದು ಅಲ್ಪವಿರಾಮ ಬದಲಿಸಬೇಕಿಲ್ಲ.

ಅನಿಲ್ ಕುಮಾರ್ ಮೊದಲು ಒಪ್ಪಲಿಲ್ಲ. “ಹಳೇದನ್ನ ಇದ್ದಹಂಗೇ ಉಳಿಸೋದು ನಮ್ಮ ಕೆಲ್ಸ ಸರ್, ತಿದ್ದೋದಲ್ಲ,” ಎಂದ. ಶ್ರೀನಿವಾಸಯ್ಯನವರು ಅವನ ಆಫೀಸಿಗೆ ಮೂರು ಸಲ ಹೋದರು. ನಿಜವಾದ ಒಬ್ಬ ಮನುಷ್ಯನಿಗೆ ಆದ ಅನ್ಯಾಯ ಎಂದು ಕೈ ಮುಗಿದರು. ಕೊನೆಗೆ ಅವನು ಅಕ್ಷರಗಳನ್ನು ಮಾತ್ರ ತೆಗೆದ. ಕೆಲಸ ಮುಗಿಯಿತು ಎಂದು ಫೋನ್ ಬಂದ ದಿನ ಶೀನಣ್ಣ ನನ್ನ ಮನೆಗೇ ಬಂದು ಮೈಸೂರುಪಾಕಿನ ಪೊಟ್ಟಣ ಕೊಟ್ಟು ಹೋದರು. ಅಷ್ಟು ಹಗುರಾಗಿದ್ದ ಅವರನ್ನು ನಾನು ಕಂಡೇ ಇರಲಿಲ್ಲ.

ಸಿನಿಮಾ ಬಿಡುಗಡೆಯಾದ ಶುಕ್ರವಾರ ಮಲ್ಲೇಶ್ವರದ ಕಡೆಯ ಥಿಯೇಟರಿಗೆ ಬೆಳಗಿನ ಆಟಕ್ಕೆ ನಾವಿಬ್ಬರೂ ಹೋದೆವು. ಬರೀ ಕಾಲೇಜು ಹುಡುಗರು. ಕೈಯಲ್ಲೆಲ್ಲ ಬಾಳೆಹಣ್ಣು! ಆ ಸೀನು ಬಂದಾಗ ಎಲ್ಲರೂ ಒಟ್ಟಿಗೆ ಸುಲಿಯಬೇಕೆಂದು ಮೊದಲೇ ಮಾತಾಡಿಕೊಂಡಿದ್ದರು. ನಮ್ಮ ಪಕ್ಕದವನು, “ಆಂಟಿ, ನಿಮ್ಗೂ ಒಂದು,” ಎಂದು ನನಗೂ ಕೊಟ್ಟ. ತೆಗೆದುಕೊಂಡೆ, ಏನು ಮಾಡುವುದು.

ದೀಪ ಆರುವ ಮುಂಚೆ ಶ್ರೀನಿವಾಸಯ್ಯನವರು ನನ್ನ ತೋಳು ಹಿಡಿದರು. ಮೂರು ಸಾಲು ಮುಂದೆ ಒಬ್ಬ ಎತ್ತರದ ಮುದುಕರು, ಪಕ್ಕದಲ್ಲಿ ಒಬ್ಬ ಹುಡುಗಿ. “ವರದ,” ಎಂದರು. “ಅವನು ಈ ಸಿನಿಮಾ ನೋಡೇ ಇಲ್ವಂತೆ ಮಿಸ್. ಇವತ್ತು ಯಾಕೆ ಬಂದ?” ತಾವೇ ಸಮಾಧಾನ ಹೇಳಿಕೊಂಡರು: “ಬರ್ಲಿ. ನೋಡ್ಲಿ. ಹೆಸರಿಲ್ಲ ಅಂತ ಗೊತ್ತಾಗುತ್ತೆ.”

ಸೀನು ಬಂತು. ನೂರಾರು ಕೈಗಳು ಹಣ್ಣು ಸುಲಿದವು. ಪರದೆಯ ಮೇಲೆ ಕೈ ಕಾಗದಕ್ಕೆ ಒರೆಸಿಕೊಂಡಿತು, ಕ್ಯಾಮೆರಾ ಮೇಲೇರಿತು, ಖಾಕಿಯ ಒಂದೊಂದು ಎಳೆಯೂ ಕಾಣುತ್ತಿತ್ತು. ಆಳೆತ್ತರದ ಕಪ್ಪು ಪಟ್ಟಿ, ಎಡಕ್ಕೆ ಸೊಟ್ಟ, ಅದರ ಮೇಲೆ ಏನೂ ಇಲ್ಲ. ಶೀನಣ್ಣ ದೀರ್ಘವಾಗಿ ಉಸಿರು ಬಿಟ್ಟದ್ದು ಆ ಗಲಾಟೆಯಲ್ಲೂ ನನಗೆ ಕೇಳಿಸಿತು. ಮೂರು ಸಾಲು ಮುಂದಿನ ಎತ್ತರದ ತಲೆ ಮಾತ್ರ ಮೆಲ್ಲಗೆ ಕೆಳಗಾಯಿತು.

ಇಂಟರ್ವಲ್‌ನಲ್ಲಿ ಆ ಹುಡುಗಿ ತಾತನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದಳು. ಶ್ರೀನಿವಾಸಯ್ಯನವರು ಅಡ್ಡ ಹೋಗಿ ನಿಂತರು. ನಲವತ್ತು ವರ್ಷದ ಮೇಲೆ ಅವರಾಡಿದ ಮೊದಲ ಮಾತು, “ನಾನೇ ಕಣೋ ತೆಗೆಸಿದ್ದು. ನಿನ್ನ ಹೆಸರು. ಈಗ ಯಾರೂ ಏನೂ ಅನ್ನಲ್ಲ.”

ಮಾತಾಡಿದ್ದು ಮೊಮ್ಮಗಳು ಲಾಸ್ಯಾ. ಪಾಪ, ಅವಳಿಗೆ ಇವರು ಯಾರೆಂದೂ ಗೊತ್ತಿಲ್ಲ.

“ಅಯ್ಯೋ, ನೀವಾ ಅಂಕಲ್? ಯಾಕೆ ತೆಗೆಸಿದ್ರಿ? ತಾತ ಅದನ್ನೇ ನೋಡೋಕೆ ಬಂದಿದ್ದು,” ಎಂದಳು. ಫೋನಿನಲ್ಲಿ ಆ ಮಸಕು ಸೀನನ್ನು ತಾನೇ ತಾತನಿಗೆ ತೋರಿಸಿದ್ದಳಂತೆ. ಪ್ಲೇಟು ಯಾಕೆ ಸೊಟ್ಟ ಇದೆ ಎಂದು ಕೇಳಿದ್ದಕ್ಕೆ ತಾತ ಫೋನ್ ಕಿತ್ತುಕೊಂಡು ಇಪ್ಪತ್ತು ಸಲ ನೋಡಿದರಂತೆ. “ತಾತ ಯೂನಿಫಾರಂನಲ್ಲಿರೋ ಒಂದು ಫೋಟೋನೂ ನಮ್ಮನೇಲಿಲ್ಲ. ಮುತ್ತಜ್ಜಿ ಚುಚ್ಚಿರೋ ಅವರ ಹೆಸರು ಇದೊಂದರಲ್ಲೇ ಇರೋದಂತೆ. ಹೊಸ ಪ್ರಿಂಟಲ್ಲಿ ಕ್ಲಿಯರಾಗಿ ಕಾಣುತ್ತೆ ಅಂತ ಒಂದು ತಿಂಗಳಿಂದ ಕಾಯ್ತಿದ್ರು.”

“ಅಮ್ಮ ಚುಚ್ಚಿದ್ದು ಹಂಗೇ ಇದೆ,” ಎಂದರು ವರದರಾಜರು. ದನಿಯಲ್ಲಿ ಸಿಟ್ಟಿರಲಿಲ್ಲ. “ನಾನೇ ಇಲ್ಲ.”

“ನಿನಗೋಸ್ಕರ ಅಂತ...” ಶೀನಣ್ಣ ಒಂದು ಹೆಜ್ಜೆ ಮುಂದೆ ಬಂದರು.

“ಈ ಸಲಾನೂ ಕೇಳ್ಲಿಲ್ವಲ್ಲೋ ಶೀನ.”

ನಾನು ಅಲ್ಲಿಯೇ ಕೈಯಲ್ಲಿ ಸುಲಿಯದ ಬಾಳೆಹಣ್ಣು ಹಿಡಿದುಕೊಂಡು ನಿಂತಿದ್ದೆ. ವೈಯಾಲಿಕಾವಲ್ ನನ್ನ ಮನೆಯಿಂದ ಒಂದು ಬಸ್ಸಿನ ದಾರಿ. ಪತ್ರ ಬರೆಯುವ ಮೊದಲು ಹೋಗಿ ಬಾಗಿಲು ತಟ್ಟಬಹುದಿತ್ತು. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಕಲಿಸಿದವಳು ನಾನು. ನನಗೂ ಹೊಳೆಯಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ. ಅನಿಲ್ ಕುಮಾರ್‌ಗೆ ಮಾರನೆಯ ದಿನವೇ ಫೋನ್ ಮಾಡಿದೆ. ಎಲ್ಲ ಕಡೆಗೂ ಹೋಗಿಬಿಟ್ಟಿದೆ ಮೇಡಂ, ಇನ್ನು ತಿದ್ದಲು ಕಂಪನಿಯವರು ಬಿಡುವುದಿಲ್ಲ ಎಂದ. ಅವನದೇನೂ ತಪ್ಪಿಲ್ಲ. ಬೇಡ ಎಂದವನು ಅವನೊಬ್ಬನೇ.

ತಾತ ಮೊಮ್ಮಗಳು ಉಳಿದರ್ಧ ಸಿನಿಮಾ ನೋಡಲಿಲ್ಲ. ಗೇಟಿನ ಹೊರಗೆ ಲಾಸ್ಯಾ ಆಟೊ ನಿಲ್ಲಿಸಿದಳು. ಶ್ರೀನಿವಾಸಯ್ಯನವರು ಹಿಂದೆಯೇ ಓಡಿಹೋಗಿ ಆಟೊದ ಕಂಬಿ ಹಿಡಿದುಕೊಂಡರು. ಏದುಸಿರು ಬರುತ್ತಿತ್ತು.

“ವರದ, ನಾಳೆ ಮನೆಗೆ ಬರ್ಲೇನೋ?”

ನನಗೆ ತಿಳಿದಂತೆ, ಅವರು ಆ ಗೆಳೆಯನನ್ನು ಕೇಳಿ ಏನಾದರೂ ಮಾಡಲು ಹೊರಟಿದ್ದು ಅದೇ ಮೊದಲು. ವರದರಾಜರು ಕಂಬಿಯ ಮೇಲಿದ್ದ ಅವರ ಕೈಯನ್ನು ಒಂದು ಸಲ ಮುಟ್ಟಿದರು.

“ಬೇಡ ಕಣೋ,” ಎಂದರು.

ಶೀನಣ್ಣ ಕೈ ತೆಗೆದರು. ಆಟೊ ಹೊರಟಿತು.